ಗಾಳಿಸಿದ ನೀರಿನ ಮೋಟಾರು

ಅವರ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ನುಣ್ಣಗೆ, ಹಸುಗೂಸಿನ ಕೆನ್ನೆಯಂತೆ ಗುಲಾಬಿಯಾಗಿತ್ತು. ಕುದಿಯುತ್ತಿದ್ದ ರೇಡಿಯೇಟರಿನ ಮುಚ್ಚಳವನ್ನು ಅವಸರದಲ್ಲಿ ತೆಗೆದ ದಿನದ ಗುರುತು ಅದು. ಉಳಿದ ಮೈಯೆಲ್ಲ ಬಿಸಿಲಿಗೆ ಕಪ್ಪಾಗಿದ್ದುದರಿಂದ ಆ ಕೈ ಬೇರೆ ಯಾರದೋ ಎನಿಸುತ್ತಿತ್ತು. ಕೊಲ್ಹಾಪುರಕ್ಕೂ ಗಡಹಿಂಗ್ಲಜಕ್ಕೂ ನಡುವೆ ಓಡುತ್ತಿದ್ದ ಸರ್ವಿಸ್ ಮೋಟಾರಿನ ಡ್ರೈವರ್ ಅವರು. ನಮಗೆ ಡ್ರೈವರ್ ಕಾಕಾ.

ನಮ್ಮದು ಗಡಹಿಂಗ್ಲಜದ ಜೈನರ ಮನೆ. ಸೋದರತ್ತೆಯನ್ನು ಇಚಲಕರಂಜಿಗೆ ಕೊಟ್ಟಿದ್ದರು. ಅಜ್ಜಿಗೆ ಮಗಳ ನೆನಪಾದಾಗಲೆಲ್ಲ ನಾವು ಕಾಕಾನ ಮೋಟಾರು ಹತ್ತಿ ಕೊಲ್ಹಾಪುರ ಸೇರಿ, ಅಲ್ಲಿಂದ ಇನ್ನೊಂದು ಮೋಟಾರು ಹಿಡಿಯುತ್ತಿದ್ದೆವು. ಕಾಕಾ ಹಾರ್ನ್ ಒತ್ತುತ್ತಿದ್ದುದು ದನಗಳಿಗೆ ಮಾತ್ರ. ಮನುಷ್ಯರು ಅಡ್ಡ ಬಂದರೆ ತಲೆ ಹೊರಗೆ ಹಾಕಿ, ಮನೆಯವರ ಯೋಗಕ್ಷೇಮ ಕೇಳಿ, ಆಮೇಲೆ ಬಾಜೂ ಸರಿಯಲು ಹೇಳುತ್ತಿದ್ದರು. ಇದರಿಂದ ಮೋಟಾರು ಎಂದೂ ಹೊತ್ತಿಗೆ ಸರಿಯಾಗಿ ಊರು ಮುಟ್ಟಿದ್ದಿಲ್ಲ.

ಕೊಲ್ಹಾಪುರದಿಂದ ಬರುವಾಗ ನಿಪ್ಪಾಣಿ ದಾಟಿ ಘಾಟ್ ಏರುವಷ್ಟರಲ್ಲಿ ಎಂಜಿನ್ ಬುಸುಗುಡುತ್ತಿತ್ತು. ಮೇಲೆ ಬಂದೊಡನೆ ರಸ್ತೆ ಪಕ್ಕ ಒಂದು ಮೆಟ್ಟಿಲ ಬಾವಿ. ಅಲ್ಲಿ ಎಲ್ಲರೂ ಇಳಿದು ನೀರು ಕುಡಿಯುವುದು, ಮೋಟಾರಿಗೂ ಕುಡಿಸುವುದು. ನಮ್ಮವರು ನೀರನ್ನು ಗಾಳಿಸದೆ ಕುಡಿಯುವುದಿಲ್ಲ. ದಪ್ಪ ಅರಿವೆಯನ್ನು ಎರಡು ಪದರು ಮಾಡಿ ಗಾಳಿಸಿ, ಅದರಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಸಾಯದಂತೆ ಅರಿವೆಯನ್ನು ಅದೇ ಬಾವಿಗೆ ಜಾಲಿಸಿಬಿಡಬೇಕು. ಒಮ್ಮೆ ಕಾಕಾ ಬಕೆಟ್ ಎತ್ತಿದಾಗ ಅಜ್ಜಿ ಅಡ್ಡ ನಿಂತಳು. ಕುಡಿಯುವ ನೀರನ್ನೇ ಗಾಳಿಸುವಾಗ, ಕುದಿಯುವ ನೀರನ್ನು ಗಾಳಿಸಬೇಡವೇ ಎಂದು ಅವಳ ಪ್ರಶ್ನೆ. ಮೋಟಾರು ತುಂಬ ನಗೆಯೋ ನಗೆ. ಕಾಕಾ ಮುಸಲ್ಮಾನರು, ಈ ಆಚಾರ ಅವರದಲ್ಲ. ಆದರೂ ತಮ್ಮ ಸುಟ್ಟ ಕೈಯನ್ನೊಮ್ಮೆ ನೋಡಿಕೊಂಡು ಬಕೆಟ್ ಕೆಳಗಿಟ್ಟರು. ಅಂದಿನಿಂದ ರೇಡಿಯೇಟರಿಗೂ ಗಾಳಿಸಿದ ನೀರು. ಅಜ್ಜಿ ಇಲ್ಲದ ದಿನವೂ ಗಾಳಿಸುತ್ತಿದ್ದರೆಂದು ಬೇರೆಯವರು ಹೇಳಿದ್ದನ್ನು ಕೇಳಿದ್ದೇನೆ.

ನನಗೆ ಐದು ವರ್ಷವಿದ್ದಾಗ ಒಂದು ಮಧ್ಯಾಹ್ನ ಇಚಲಕರಂಜಿಯಿಂದ ಮರಳುತ್ತಿದ್ದೆವು. ಬಾವಿಯ ಹತ್ತಿರ ನೀರು ಗಾಳಿಸಿ ಮುಗಿಯುವಷ್ಟರಲ್ಲಿ ದಪ್ಪ ಹನಿ ಬಿದ್ದವು. ಎಲ್ಲರೂ ಓಡಿ ಹತ್ತಿದರು. ತಮ್ಮನನ್ನು ಎತ್ತಿಕೊಂಡ ಅವ್ವ ಮುಂದೆ ಕೂತಳು, ಅಜ್ಜಿ ಹಿಂದೆ. ನಾನು ಅಜ್ಜಿಯ ಹತ್ತಿರ ಇದ್ದೇನೆಂದು ಅವ್ವ, ಅವ್ವನ ಹತ್ತಿರ ಇದ್ದೇನೆಂದು ಅಜ್ಜಿ. ನಾನೋ, ಆಮೆ ನೋಡುತ್ತ ಬಾವಿಯೊಳಗಿನ ಮೆಟ್ಟಿಲ ಮೇಲೆ ಕೂತಿದ್ದೆ.

ಮೋಟಾರು ಸಾಕಷ್ಟು ದೂರ ಹೋದ ಮೇಲೆ ಅಜ್ಜಿಗೆ ಮಡಿಲಲ್ಲಿ ಒದ್ದೆ ಅರಿವೆ ತಾಗಿತು. ಅವಸರದಲ್ಲಿ ಜಾಲಿಸದೆ ತಂದುಬಿಟ್ಟಿದ್ದಳು. ಅವಳು ಗೋಳಾಡತೊಡಗಿದಳು. ಪೇಟೆಯ ವ್ಯಾಪಾರಿಯೊಬ್ಬರು, ಮುಂದಿನ ಬಾವಿಯಲ್ಲಿ ಜಾಲಿಸಿದರಾಯಿತು, ಎಲ್ಲಾ ನೀರು ಒಂದೇ ಎಂದು ಸಿಡಿಮಿಡಿಗೊಂಡರು. ಕಾಕಾ ಮೋಟಾರು ನಿಲ್ಲಿಸಿದರು.

“ಆ ಜೀವಾನೂ ಅವರವರ ಮನಿಗೆ ಮುಟ್ಟಿಸಬೇಕ್ರಿ ಸಾವಕಾರ್ರ. ನಂದೂ ದಿನಾ ಅದ ಕೆಲಸ ಅಲ್ಲೇನ್ರಿ?” ಎಂದು ಹೇಳಿ ಮೋಟಾರು ತಿರುಗಿಸಿಯೇ ಬಿಟ್ಟರು.

ಅಜ್ಜಿಯ ಮೊಣಕಾಲು ನೋಯುತ್ತಿದ್ದವು. ಹೀಗಾಗಿ ಅರಿವೆ ಹಿಡಿದು ಮಳೆಯಲ್ಲಿ ಬಾವಿಗೆ ಬಂದವರು ಕಾಕಾ. ನಾನು ತಲೆಯೆತ್ತಿದರೆ ಮೇಲೆ ಅವರು ನಿಂತಿದ್ದರು. ನಾನಾಗಲೇ ಪಾಚಿಗಟ್ಟಿದ ಕೊನೆಯ ಮೆಟ್ಟಿಲಿಗೆ ಇಳಿದು, ಬಾಗಿ ನೀರಿಗೆ ಕೈ ಚಾಚಿದ್ದೆ. ಅವರು ಕೂಗಲಿಲ್ಲ. ಮೇಲಿನ ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, “ಆಮಿ ಭಾಳ ದೊಡ್ಡದೈತೇನವ್ವಾ? ತಡಿ, ನನಗೂ ತೋರಸು” ಎನ್ನುತ್ತ ಒಂದೊಂದೇ ಮೆಟ್ಟಿಲು ಸರಿದು ಬಂದರು. ನನ್ನ ತೋಳು ಕೈಗೆ ಸಿಕ್ಕ ಮೇಲೆ ಅವರು ಬಿಟ್ಟ ಉಸಿರು ನನ್ನ ಕತ್ತಿಗೆ ಬಿಸಿಯಾಗಿ ತಾಗಿತು. ಹೆಗಲಿಗೇರಿಸಿಕೊಂಡು, ಅರಿವೆಯನ್ನೂ ಮರೆಯದೆ ಜಾಲಿಸಿ, ದಾರಿಯಲ್ಲಿ ಮೆಲ್ಲಗೆ ಹೇಳಿದರು: “ಬಾವ್ಯಾಗ ಇಳಿದಿದ್ದಿ ಅಂತ ಅವ್ವಗ ಹೇಳಬ್ಯಾಡ. ನಿನ್ನವ್ವಗ ಜಲ್ಮದಾಗ ನಿದ್ದಿ ಹತ್ತಂಗಿಲ್ಲ.”

ಮೋಟಾರಿನಲ್ಲಿ ಅಷ್ಟರಲ್ಲಿ ನಾನಿಲ್ಲವೆಂದು ಗೊತ್ತಾಗಿ ಹಾಹಾಕಾರವೆದ್ದಿತ್ತು. ಮಗು ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಜಾಣೆಯ ಹಾಗೆ ಕೂತಿತ್ತೆಂದು ಕಾಕಾ ಎಲ್ಲರಿಗೂ ಕೇಳುವಂತೆ ಹೇಳಿದರು. ಸೊಸೆಯ ಮೇಲೆ ಹರಿಹಾಯಲು ಸಿದ್ಧಳಾಗಿದ್ದ ಅಜ್ಜಿ ತಣ್ಣಗಾದಳು. ಅವ್ವ ನನ್ನನ್ನು ಅಪ್ಪಿ ಹಿಡಿದವಳು ಊರು ಬರುವವರೆಗೂ ಬಿಡಲಿಲ್ಲ. ಸಿಡಿಮಿಡಿಗೊಂಡಿದ್ದ ವ್ಯಾಪಾರಿಯೇ ನನಗೆ ಬೆಲ್ಲ ಕೊಟ್ಟರು.

ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಮೋಟಾರಿಗೆ ಇದ್ದಿಲಿನ ಒಲೆ ಕಟ್ಟಿ ಅದರ ಹೊಗೆಯಿಂದಲೇ ಎಂಜಿನ್ ನಡೆಸುವಂತಾದಾಗಲೂ ಕಾಕಾ ಓಡಿಸಿದರು. ಆ ಹೊಗೆಯೇ ಅವರ ಎದೆ ತಿಂದಿತೆನ್ನುತ್ತಾರೆ. ಯುದ್ಧ ಮುಗಿದ ಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಸುದ್ದಿ ಬಂದಾಗ ನಾನು ಬಾಣಂತನಕ್ಕೆ ತವರಿಗೆ ಬಂದಿದ್ದೆ. ಅಜ್ಜಿ ತೀರಿಹೋಗಿದ್ದಳು. ಇನ್ನು ಮುಚ್ಚಿಡುವುದು ಯಾರಿಗಾಗಿ ಎನಿಸಿ, ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತು ಅವ್ವನಿಗೆ ಬಾವಿಯ ಮಾತು ಹೇಳಿದೆ. ಅವ್ವ ಕಣ್ಣೊರೆಸಿಕೊಂಡಳು.

“ನನಗ ಅವತ್ತ ಗೊತ್ತಿತ್ತವ್ವಾ. ಮಳಿ ನೀರಾಗ ಪಾಚಿ ಇರತೈತೇನು? ನಿನ್ನ ಲಂಗದ ಅಂಚಿನ ತುಂಬ ಹಸರು ಪಾಚಿ ಇತ್ತು. ಅತ್ತಿ ನೋಡೂದರಾಗ ಸೆರಗಿನಿಂದ ನಾನ ಒರಸಿದ್ನಿ. ಡ್ರೈವರ ಕಾಕಾ ಕನ್ನಡಿಯಾಗ ಅದನ್ನ ನೋಡಿ, ನೋಡದವರಂಗ ಮೋಟಾರ ಬಿಟ್ರು.”