ನಾನು ಬ್ಲೇಡ್ ಕೊಡಲಿಲ್ಲ

ಕೋವಿಡ್ ಬರುವುದಕ್ಕೆ ಎರಡು ವರ್ಷ ಮೊದಲು ನಾನು ಉತ್ತರ ಚೆನ್ನೈನ ಒಂದು ಖಾಸಗಿ ಆಸ್ಪತ್ರೆಯಲ್ಲಿ, ಮೈನರ್ ಥಿಯೇಟರಿನ ಹಿರಿಯ ಸ್ಟಾಫ್ ನರ್ಸ್ ಆಗಿದ್ದೆ. ಹೊಲಿಗೆ ಹಾಕುವುದು, ಕೀವು ತೆಗೆಯುವುದು, ಉಗುರು ಕೀಳುವುದು, ಇಂಥ ಸಣ್ಣಪುಟ್ಟ ಶಸ್ತ್ರಕ್ರಿಯೆಗಳ ಕೋಣೆ ಅದು. ಆ ಹೊತ್ತಿಗೆ ಇಪ್ಪತ್ತಾರು ವರ್ಷ ಸರ್ವಿಸ್ ಆಗಿತ್ತು. ನಮ್ಮದು ತುಮಕೂರು ಕಡೆಯಿಂದ ಬಂದು ಸೌಕಾರ್‌ಪೇಟೆಯಲ್ಲಿ ಬಟ್ಟೆ ವ್ಯಾಪಾರಕ್ಕೆ ನಿಂತ ಮನೆತನ. ಹುಡುಗಿ ನರ್ಸ್ ಆಗುವುದು ಬೇಡವೆಂದು ದೊಡ್ಡವರೆಲ್ಲ ಕೂತು ತೀರ್ಮಾನಿಸಿದ್ದರು. ನಾನು ಕೇಳಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಸೆಲ್ವಂ ಎಂಬಾತನನ್ನು ಥಿಯೇಟರಿಗೆ ಕರೆತಂದರು. ಮೂವತ್ತೊಂದು ವರ್ಷ, ಎಣ್ಣೂರಿನಲ್ಲಿ ಮೀನುಗಾರರ ದೋಣಿ ಎಂಜಿನ್ ರಿಪೇರಿ ಮಾಡುವವನು. ಬಲತೊಡೆಯ ಸಂದಿನಲ್ಲಿ ದೊಡ್ಡ ನಿಂಬೆಹಣ್ಣಿನಷ್ಟು ಗಡ್ಡೆ. ಕೆಂಪಗೆ ಬಿಸಿಯಾಗಿತ್ತು, ಸಣ್ಣ ಜ್ವರವೂ ಇತ್ತು. ಎರಡು ವಾರ ಬೇರೆಲ್ಲೋ ಆಂಟಿಬಯೋಟಿಕ್ ನುಂಗಿಯೂ ಇಳಿದಿರಲಿಲ್ಲ. ಕೇಸ್ ಶೀಟಿನಲ್ಲಿ ‘ಆಬ್ಸೆಸ್’, ಅಂದರೆ ಕೀವುಗಡ್ಡೆ, ಕೊಯ್ದು ಕೀವು ತೆಗೆಯುವುದು ಎಂದು ಬರೆದಿತ್ತು. ಬರೆದವರು ಡಾ. ವಿನಯ್. ಹುಬ್ಬಳ್ಳಿಯವರು, ಆರು ತಿಂಗಳ ಹಿಂದೆ ಸೇರಿದ್ದ ಯುವ ಸರ್ಜನ್. ಆ ಮಹಡಿಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ.

ನಾನು ಗಡ್ಡೆಯ ಸುತ್ತ ಅಯೋಡಿನ್ ಹಚ್ಚುತ್ತಿದ್ದೆ. ಕೈಯಲ್ಲಿದ್ದ ಇಕ್ಕಳ ತಾನಾಗಿ ಏಳುತ್ತಿತ್ತು, ಇಳಿಯುತ್ತಿತ್ತು. ಅದನ್ನು ಟ್ರೇಯಲ್ಲಿಟ್ಟು ಗಡ್ಡೆಯ ಎರಡೂ ಪಕ್ಕದಲ್ಲಿ ಬೆರಳಿಟ್ಟೆ. ಪ್ರತಿ ಬಡಿತಕ್ಕೂ ಬೆರಳುಗಳು ಒಂದರಿಂದೊಂದು ದೂರ ಸರಿಯುತ್ತಿದ್ದವು.

“ಬ್ಲೇಡ್ ಕೊಡ್ರಿ ಸಿಸ್ಟರ್,” ಎಂದರು ಡಾಕ್ಟರು.

“ಇದು ಮಿಡೀತಿದೆ ಸಾರ್,” ಎಂದೆ ಕನ್ನಡದಲ್ಲಿ, ರೋಗಿ ಗಾಬರಿಯಾಗದಿರಲೆಂದು.

“ಆರ್ಟರಿ ಮ್ಯಾಲ ಕೂತ ಗಡ್ಡಿ ಮಿಡೀದ ಏನ್ ಮಾಡತೈತ್ರಿ?”

“ಬರೀ ಮೇಲೆ ಕೆಳಗೆ ಆಡಿದ್ರೆ ಒಪ್ತಿದ್ದೆ. ಬೆರಳು ದೂರ ದೂರ ಸರೀತಿವೆ, ಗಡ್ಡೆನೇ ಹಿಗ್ತಿದೆ. ಡಾಪ್ಲರ್ ಮಾಡಿಸೋಣ ಸಾರ್.”

ಅವರ ಮುಖ ಕೆಂಪಾಯಿತು. “ನೀವ್ ಡಾಕ್ಟರೋ, ನಾ ಡಾಕ್ಟರೋ? ಬ್ಲೇಡ್ ಕೊಡ್ರಿ.”

“ಕೊಡಲ್ಲ,” ಎಂದೆ. ಟ್ರೇ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ನಿಂತೆ. ಅಷ್ಟು ವರ್ಷದಲ್ಲಿ ಯಾವ ಡಾಕ್ಟರಿಗೂ ಆ ಮಾತು ಹೇಳಿರಲಿಲ್ಲ. ಟ್ರೇ ಮಾತ್ರ ಬಿಡಲಿಲ್ಲ. ಅವರು ಗ್ಲೌಸ್ ಕಿತ್ತೆಸೆದು ಹೊರನಡೆದರು. ನಾನೇ ವ್ಯಾಸ್ಕುಲರ್ ಸರ್ಜನ್‌ಗೆ, ಅಂದರೆ ರಕ್ತನಾಳಗಳ ತಜ್ಞರಿಗೆ, ಫೋನ್ ಮಾಡಿದೆ.

ಅವರು ಬಂದು ಡಾಪ್ಲರ್ ಮಾಡಿಸಿದರು, ಅಂದರೆ ನಾಳದೊಳಗಿನ ರಕ್ತದ ಓಟ ತೋರಿಸುವ ಸ್ಕ್ಯಾನ್. ಗಡ್ಡೆಯಲ್ಲಿ ಹನಿ ಕೀವಿರಲಿಲ್ಲ. ತೊಡೆಯ ಮುಖ್ಯ ಅಪಧಮನಿಯ ಗೋಡೆ ಸೋತು, ನಾಲ್ಕು ಸೆಂಟಿಮೀಟರಿನ ಚೀಲವಾಗಿ ಉಬ್ಬಿತ್ತು. ಇದನ್ನು ಅನ್ಯೂರಿಸಂ ಎನ್ನುತ್ತಾರೆ. ಒಂದು ಬಾಟಲಿ ರಕ್ತವೂ ಇಟ್ಟುಕೊಳ್ಳದ ನಮ್ಮ ಕೋಣೆಯಲ್ಲಿ ಬ್ಲೇಡ್ ತಗುಲಿದ್ದರೆ ಸೆಲ್ವಂ ಮೇಜಿನಿಂದ ಏಳುತ್ತಿರಲಿಲ್ಲ.

ಏಟು ಬೀಳದೆ ಈ ವಯಸ್ಸಿನಲ್ಲಿ ನಾಳ ಯಾಕೆ ಸೋಲಬೇಕು? ರುಮಟಾಲಜಿ ಮೇಡಂ, ಅಂದರೆ ಕೀಲುವಾತ ಮತ್ತು ಉರಿಯೂತದ ಕಾಯಿಲೆಗಳ ತಜ್ಞೆ, ಬಂದು ಮೊದಲು ಕೇಳಿದ್ದು ಬಾಯಿಹುಣ್ಣಿನ ಬಗ್ಗೆ. ಉತ್ತರ ಕೊಟ್ಟವಳು ಸೆಲ್ವಂನ ಹೆಂಡತಿ ಮಲರ್. “ವರ್ಷಪೂರ್ತಿ ಇರುತ್ತೆ ಮೇಡಂ. ಮೀನಿನ ಸಾರು ಬಡಿಸಿದ್ರೆ ತಟ್ಟೆ ತಳ್ತಾರೆ. ನನ್ನ ಅಡಿಗೆ ಮೇಲೆ ಸಿಟ್ಟು ಅಂದ್ಕೊಂಡಿದ್ದೆ.” ತಮಿಳಿನಲ್ಲಿ ಹೇಳುತ್ತಾ ಅವಳು ಅತ್ತುಬಿಟ್ಟಳು. ಹಿಂದೆ ಎರಡು ಸಲ ಸೆಲ್ವಂನ ಕಣ್ಣು ಕೆಂಪಾಗಿ ಮಂಜಾಗಿತ್ತು. ಗುಪ್ತಾಂಗದಲ್ಲೂ ಹುಣ್ಣುಗಳಿದ್ದವು, ನಾಚಿಕೆಯಿಂದ ಅವನು ಯಾರಿಗೂ ಹೇಳಿರಲಿಲ್ಲ. ಕಾಯಿಲೆಯ ಹೆಸರು ಬೆಹ್ಚೆಟ್ಸ್. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ರಕ್ತನಾಳಗಳ ಮೇಲೆ ಬಿದ್ದು ವರ್ಷಗಟ್ಟಲೆ ಉರಿಯೂತ ಹಚ್ಚುತ್ತದೆ. ಕೆಲವರಲ್ಲಿ ನಾಳದ ಗೋಡೆ ಹೀಗೆ ಉಬ್ಬಿಕೊಳ್ಳುತ್ತದೆ.

ಉರಿಯೂತವಿರುವ ಗೋಡೆಯಲ್ಲಿ ಹೊಲಿಗೆ ನಿಲ್ಲುವುದಿಲ್ಲ. ಹಾಗಾಗಿ ಮೊದಲು ಸ್ಟೀರಾಯ್ಡ್ ಮತ್ತು ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಔಷಧಿ ಕೊಟ್ಟು, ದಿನಾ ಸ್ಕ್ಯಾನ್ ಮಾಡಿ ಕಾದರು. ಸೆಲ್ವಂ ಮಂಚದಲ್ಲಿ ಸುಮ್ಮನಿರುವ ಪೈಕಿಯಲ್ಲ. “ಎಂಜಿನ್ ಬಿಚ್ಚಿಟ್ಟು ಬಂದಿದೀನಿ ಸಿಸ್ಟರ್, ಒಂದು ದಿನ ಬಿಡಿ,” ಎಂದು ಪೀಡಿಸಿದ. “ಎದ್ದರೆ ಕಾಲು ನಾನೇ ಮುರೀತೀನಿ,” ಎಂದಳು ಮಲರ್. ಹನ್ನೆರಡನೆಯ ದಿನ ಚೀಲ ತೆಗೆದು ಕೃತಕ ನಾಳ ಜೋಡಿಸಿದರು. ಐದು ಗಂಟೆ ಹಿಡಿಯಿತು. ಜೀವವೂ ಉಳಿಯಿತು, ಕಾಲೂ ಉಳಿಯಿತು.

ಅಷ್ಟರಲ್ಲಿ ನನಗೆ ಮೆಮೊ ಬಂದಿತ್ತು. ರೋಗಿಯೆದುರು ವೈದ್ಯರ ಆದೇಶ ಧಿಕ್ಕರಿಸಿದ್ದಕ್ಕೆ ವಿವರಣೆ ಕೊಡಬೇಕಂತೆ. “ಕ್ಷಮೆ ಅಂತ ಒಂದು ಸಾಲು ಬರೀಮ್ಮಾ, ಮುಗಿಸಿಬಿಡೋಣ,” ಎಂದರು ಸೂಪರಿಂಟೆಂಡೆಂಟ್.

“ಯಾವುದಕ್ಕೆ ಕ್ಷಮೆ ಸಾರ್? ಆತ ಬದುಕಿದ್ದಕ್ಕಾ?”

ಬೆರಳಿಗೆ ಸಿಕ್ಕಿದ್ದನ್ನು, ಸ್ಕ್ಯಾನ್ ತೋರಿಸಿದ್ದನ್ನು ಬರೆದು ಸಹಿ ಹಾಕಿದೆ. ಕ್ಷಮೆ ಎಂಬ ಪದ ಬರೆಯಲಿಲ್ಲ. ನನ್ನನ್ನು ಮೂರು ತಿಂಗಳು ಲಿನನ್ ಸ್ಟೋರಿಗೆ ಹಾಕಿದರು. ಹೋದೆ, ಬೆಡ್‌ಶೀಟ್ ಮಡಿಸಿದೆ. ಡಾ. ವಿನಯ್ ನನ್ನೊಡನೆ ಮಾತು ಬಿಟ್ಟರು. ಆದರೆ ನನ್ನ ಜಾಗಕ್ಕೆ ಬಂದ ನರ್ಸ್ ಒಂದು ದಿನ ಹೇಳಿದಳು: “ಅಕ್ಕಾ, ಆ ಡಾಕ್ಟರ್ ಈಗ ಯಾವ ಗಡ್ಡೆ ಬಂದರೂ ಮೊದಲು ಎರಡು ಕೈಯಿಟ್ಟು ಕಾಯ್ತಾರೆ.” ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಸೆಲ್ವಂ ಸ್ವಲ್ಪ ಕುಂಟುತ್ತಾನೆ. ಜೋಡಿಸಿದ ಜಾಗದಲ್ಲಿ ಮತ್ತೆ ಉಬ್ಬಬಹುದೆಂಬ ಭಯ ಹೋಗಿಲ್ಲ, ಮಾತ್ರೆಯೂ ಸ್ಕ್ಯಾನೂ ನಿಂತಿಲ್ಲ. ನಾನೀಗ ನಿವೃತ್ತಳಾಗಿ ಪಲ್ಲಾವರಂನಲ್ಲಿದ್ದೇನೆ. ಹೊಸ ನರ್ಸ್‌ಗಳು ಸಿಕ್ಕಿದರೆ ಒಂದೇ ಮಾತು ಹೇಳುತ್ತೇನೆ. ಆದೇಶ ಪಾಲಿಸುವುದನ್ನು ನಮಗೆ ಮೂರು ವರ್ಷ ಕಲಿಸುತ್ತಾರೆ, ಒಳ್ಳೆಯದೇ. ಆದರೆ ರೋಗಿಯ ಮೈಮೇಲೆ ಕೈಯಿಟ್ಟವಳು ನೀನಾಗಿದ್ದರೆ, ಕೈಗೆ ತಿಳಿದದ್ದನ್ನು ಜೋರಾಗಿ ಹೇಳು. ಕೇಳದಿದ್ದರೆ ಅಡ್ಡ ನಿಲ್ಲು. ಮೆಮೊ ಬಂದರೆ ಬರಲಿ.