ಉದ್ದಪ್ಪನ ಮೊಳೆಗೆ ಎಷ್ಟು ದಾರ?

ಮೂಡಲಗಿಯಲ್ಲಿ ಕೋಳಿ ಕೂಗುವ ಹೊತ್ತಿಗೆ ರಾಚಪ್ಪನವರು ಹಳೆಯ ಬಾಗಿಲ ಹಲಗೆಯೊಂದನ್ನು ಪಡಸಾಲೆಯ ಗೋಡೆಗೆ ಆನಿಸಿಕೊಂಡು ಕುಳಿತಿದ್ದಾರೆ. ಹಲಗೆಯ ತುಂಬ ನೂರಾ ಹನ್ನೆರಡು ಮೊಳೆ. ಒಂದೊಂದು ಮೊಳೆ ಒಬ್ಬೊಬ್ಬ ಮನುಷ್ಯ. ಯಾರು ಯಾರಿಗೆ ಜಾಮೀನು ನಿಂತಿದ್ದಾರೋ ಅವರ ನಡುವೆ ದಾರ. ರಾಚಪ್ಪ ಒಂದು ಮೊಳೆ ಕೀಳುತ್ತಾರೆ. ಎಷ್ಟು ದಾರ ಜೋತುಬಿದ್ದವೆಂದು ಬರೆದುಕೊಂಡು ಮತ್ತೆ ಅಲ್ಲೇ ಬಡಿಯುತ್ತಾರೆ.

"ಕೌದಿ ಹೊಲಿಯಾಕ ತಂದ ದಾರ ಎಲ್ಲಾ ಮೊಳಿಗೆ ಸುತ್ತಿದ್ರಿ. ಥಂಡಿಗೆ ಹಲಗಿ ಹೊಚ್ಚಿಕೊಂಡ ಮಲಗೂಣೇನ್ರಿ?" ಒಳಗಿನಿಂದ ಹೆಂಡತಿ ಕಾಶೆವ್ವನ ದನಿ.

"ಇವತ್ತೊಂದ ದಿನ ತಡಕೋ," ಎನ್ನುತ್ತಾರೆ ರಾಚಪ್ಪ. ಈ ಮಾತು ಅವರು ಹೇಳತೊಡಗಿ ಎಂಟು ತಿಂಗಳಾಯಿತು.

ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನ ಹದಿನಾಲ್ಕು ಪತ್ತಿನ ಸಂಘಗಳ ದಫ್ತರ ತಪಾಸಣೆ ಅವರ ಕೆಲಸ. ಪಗಾರ ಇಪ್ಪತ್ತೆರಡು ರೂಪಾಯಿ. ಸೈಕಲ್ಲು ಸ್ವಂತದ್ದು, ಅದರ ಪಂಕ್ಚರೂ ಸ್ವಂತದ್ದೇ. ಸೋಮವಾರ ಕುಲಗೋಡ, ಮಂಗಳವಾರ ಘಟಪ್ರಭಾ, ಗುರುವಾರ ನಿಡಸೋಸಿ. ಎಲ್ಲಿ ಹೋದರೂ ದಫ್ತರ ಚೊಕ್ಕ. ನಿಯಮದಂತೆ ಪ್ರತಿ ಸಾಲಕ್ಕೂ ಇಬ್ಬರು ಜಾಮೀನುದಾರರು.

೧೯೩೬ರ ಸುಗ್ಗಿಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯ ಗೋದಾಮು ಸುಟ್ಟು, ಆತ ದಿವಾಳಿಯಾದ. ಆಗಿದ್ದ ಹದಿನಾರು ಸಂಘಗಳ ಪೈಕಿ ಅಕ್ಕಪಕ್ಕದ ಎರಡರಲ್ಲಿ ಆತ ಹತ್ತಾರು ಜನರಿಗೆ ಜಾಮೀನು ನಿಂತಿದ್ದ. ಅವರೆಲ್ಲ ಹೊಸ ಜಾಮೀನು ತರಬೇಕಾಯಿತು, ತರಲಾರದವರು ಸಾಲ ಒಮ್ಮೆಲೇ ಕಟ್ಟಬೇಕಾಯಿತು. ಕಟ್ಟಲಾರದೆ ಅವರು ಬಿದ್ದರು. ಅವರನ್ನು ನಂಬಿದವರೂ ಬಿದ್ದರು. ಮೂರೇ ತಿಂಗಳಲ್ಲಿ ಎರಡೂ ಸಂಘಗಳಿಗೆ ಬೀಗ.

"ಬೆಂಕಿ ಬೀಳೂ ಹಿಂದಿನ ತಿಂಗಳ ಎರಡೂ ಕಡೆ 'ಎಲ್ಲ ಸರಿ ಇದೆ' ಅಂತ ಸಹಿ ಮಾಡಿದಾಂವ ನಾನ ರೀ," ಎನ್ನುವಾಗ ರಾಚಪ್ಪ ಹಲಗೆಯನ್ನೇ ನೋಡುತ್ತಾರೆ. "ಸುಳ್ಳ ಬರದಿರಲಿಲ್ಲ. ಖರೇನ ಸರಿ ಇತ್ತು."

ತಪ್ಪು ದಫ್ತರದಲ್ಲಿ ಇರಲಿಲ್ಲ, ರೂಢಿಯಲ್ಲಿತ್ತು. ಈ ಸೀಮೆಯಲ್ಲಿ ಜಾಮೀನೆಂದರೆ ಮದುವೆಯ ಮುಯ್ಯಿ ಇದ್ದಂತೆ: ನೀನು ನನಗೆ ನಿಂತೆ, ನಾನು ನಿನಗೆ ನಿಲ್ಲಬೇಕು. ಒಲ್ಲೆನೆಂದರೆ ಬೀಗತನವೇ ಮುರಿಯುತ್ತದೆ. ಹೀಗೆ ಎಲ್ಲರ ಭಾರ ಎಲ್ಲರ ಮೇಲೆ. ಇದನ್ನು ಅಳೆಯಲೆಂದೇ ಹಲಗೆ. ಒಂದು ಮೊಳೆ ಕಿತ್ತ ಮೇಲೆ, ಎರಡೂ ಜಾಮೀನಿನ ದಾರ ಜೋತುಬಿದ್ದ ಮೊಳೆಗಳನ್ನೂ ಕೀಳಬೇಕು. ಕೀಳಲು ಇನ್ನೇನೂ ಉಳಿಯದವರೆಗೆ ಹೀಗೇ ನಡೆಯಬೇಕು. ಊರಿನ ದೊಡ್ಡ ಸಾಹುಕಾರನ ಮೊಳೆ ಕಿತ್ತರೆ ಬೀಳುವವರು ನಾಲ್ವರು. ಯಾರಿಗೂ ಇಲ್ಲವೆನ್ನದ ಉದ್ದಪ್ಪನ ಮೊಳೆ ಕಿತ್ತರೆ ಅರವತ್ತೊಂದು ಮಂದಿ.

ಮೇಲಿನ ಕಚೇರಿಗೆ ಮೂರು ಸಲ ವರದಿ ಹೋಗಿದೆ, ಮೂರು ಸಲವೂ ಒಂದೇ ಉತ್ತರ ಬಂದಿದೆ: "ಪ್ರತಿ ಸಂಘದ ಲೆಕ್ಕ ಸರಿಯೆಂದು ತಾವೇ ಬರೆದಿದ್ದೀರಿ. ಮತ್ತೇನು ತಕರಾರು?"

"ಹದಿನಾಲ್ಕು ಗಡಿಗಿ ಒಂದೊಂದ ಬಾರಿಸಿ ಚಲೋ ಅದಾವ ಅಂತಾರ," ಎಂದು ರಾಚಪ್ಪ ಸಿಡುಕುತ್ತಾರೆ. "ಎಲ್ಲಾ ಒಂದ ನೆಲುವಿಗೆ ತೂಗಬಿದ್ದಾವಲ್ರೀ! ನೆಲುವಿನ ಹಗ್ಗ ಯಾರ ನೋಡ್ಬೇಕು?"

ಅಷ್ಟರಲ್ಲಿ ಬಾಗಿಲಲ್ಲಿ ಸ್ವತಃ ಉದ್ದಪ್ಪ. "ಏನೋ ರಾಚಪ್ಪಾ, ಇದರಾಗ ನಾ ಎಲ್ಲಿ ಅದೇನಿ?"

ರಾಚಪ್ಪ ತೋರಿಸುತ್ತಾರೆ. ಉದ್ದಪ್ಪನ ಮುಖ ಅರಳುತ್ತದೆ. "ಇಷ್ಟೂ ದಾರ ನಂದ? ಹಂಗಾರ ನನ್ನ ಕಿಮ್ಮತ್ತ ಭಾಳ ಐತಿ ಬಿಡು!"

"ಕಿಮ್ಮತ್ತಲ್ಲೋ ಮಾರಾಯಾ! ನೀ ಬಿದ್ರ ಅರವತ್ತೊಂದ ಮಂದಿ ಬೀಳ್ತಾರ."

"ನಾ ಯಾಕ ಬೀಳ್ತೇನಿ? ಗುಂಡಕಲ್ಲ ಇದ್ದಂಗ ಅದೇನಿ. ಅದಿರಲಿ, ನಾಳಿ ನಮ್ಮ ಬೀಗರಿಗೆ ಜಾಮೀನ ನಿಲ್ಲೂದೈತಿ. ಕಾಗದ ಒಂಚೂರ ಬರದ ಕೊಡು."

ರಾಚಪ್ಪ ಹಣೆ ಚಚ್ಚಿಕೊಳ್ಳುತ್ತಾರೆ. ಒಳಗೆ ಕಾಶೆವ್ವ ನಗುವುದು ಕೇಳಿಸುತ್ತದೆ.

ಇಂದು ಹನ್ನೊಂದಕ್ಕೆ ಗೋಕಾಕದಲ್ಲಿ ಮೇಲಿನ ಕಚೇರಿಯ ಸಾಹೇಬರ ಸಭೆ. ಹದಿನಾಲ್ಕೂ ಸಂಘಗಳ ಜಾಮೀನುದಾರರ ಹೆಸರು ಒಂದೇ ಪಟ್ಟಿಯಲ್ಲಿರಬೇಕು, ಒಬ್ಬ ಮೂವರಿಗಿಂತ ಹೆಚ್ಚು ಜನರಿಗೆ ನಿಲ್ಲಬಾರದು ಎಂಬುದು ರಾಚಪ್ಪನವರ ಬೇಡಿಕೆ. ಇಂದು ಒಪ್ಪದಿದ್ದರೆ ನಾಳೆಯಿಂದ ಹಳೆಯ ರೂಢಿಯಲ್ಲೇ ಹೊಸ ಸಾಲ ಹಂಚಿಕೆ, ಉದ್ದಪ್ಪನಿಗೆ ಇನ್ನಷ್ಟು ದಾರ.

ಅವರು ಹಲಗೆಯನ್ನು ಸೈಕಲ್ಲಿನ ಹಿಂದೆ ಅಡ್ಡಲಾಗಿ ಕಟ್ಟುತ್ತಾರೆ, ಒಂದು ದಾರವೂ ಸಡಿಲಾಗದ ಹಾಗೆ. ಇಕ್ಕಳ ಅಂಗಿಯ ಜೇಬಿಗೆ ಸೇರುತ್ತದೆ.

"ನನ್ನ ವರದಿ ಅವರ ಓದೂದು ಬ್ಯಾಡ್ರಿ," ಎನ್ನುತ್ತಾರೆ ಪೆಡಲಿನ ಮೇಲೆ ಕಾಲಿಟ್ಟು. "ಸಾಹೇಬ್ರು ತಮ್ಮ ಕೈಲೆ ಉದ್ದಪ್ಪನ ಈ ಒಂದ ಮೊಳಿ ಕೀಳಲಿ. ಕಿತ್ತ ಮ್ಯಾಲ ಎಷ್ಟ ಮಂದಿ ಬಿದ್ರಂತ ಬಾಯಿ ತಗದ ಎಣಸಲಿ. ನಂಗಷ್ಟ ಸಾಕು."