ತಣ್ಣನೆ ಕೈಯ ಸಿರ್ಕಾ

ಬೆಳಗಿನ ನಸುಕು. ಟಾಂಪೆರೆ ಊರಿನ ಸರೋವರ ಹೆಪ್ಪುಗಟ್ಟಿದೆ. ಮಂಜುಗಡ್ಡೆಯಲ್ಲಿ ಕೊರೆದ ಕಿಂಡಿಯಲ್ಲಿ ಮುಳುಗೆದ್ದು ಸಿರ್ಕಾ ಹಾಲ್ಮೆ ಮೇಲೆ ಬರುತ್ತಾರೆ. ಊರಿನವರೆಲ್ಲ ಇಲ್ಲಿ ಮುಳುಗುವುದು ಮೈ ಚುರುಕಾಗಲೆಂದು. ಸಿರ್ಕಾಗೆ ಬೇಕಿರುವುದು ತಣ್ಣನೆಯ ಕೈ. ಕೈಗವಸು ತೊಡದೆ ದಡದ ಮೇಲಿನ ಪ್ರಯೋಗಾಲಯಕ್ಕೆ ದಾಪುಗಾಲು ಹಾಕುತ್ತಾರೆ.

ಕೆಲಸ ಕೇಳಿದರೆ ನಗು ಬರುವಷ್ಟು ಸಣ್ಣದು. ಜೆಲ್ಲಿನ ಪಟ್ಟಿಯೊಂದನ್ನು, ಎಳೆದು ತಾಳಿಕೆ ನೋಡುವ ಯಂತ್ರದ ಎರಡು ದವಡೆಗಳ ನಡುವೆ ಸಿಕ್ಕಿಸಬೇಕು. ಬಹುಪಾಲು ನೀರೇ ಆದ ಈ ಜೆಲ್ ತಣ್ಣಗಿದ್ದಾಗ ತಿಳಿ, ಮೆತ್ತಗೆ. ಮೈಬಿಸಿ ತಾಗಿತೋ, ನೀರು ಬಿಟ್ಟು ಬೆಳ್ಳಗಾಗಿ, ಕುಗ್ಗಿ ಗಟ್ಟಿಯಾಗುತ್ತದೆ. ಸಿಕ್ಕಿಸುವಾಗ ಬೆರಳಿನ ಬಿಸಿ ತಾಗಿದರೆ ಆ ಜಾಗವಷ್ಟೇ ಕುಗ್ಗಿ, ಎಳೆದಾಗ ಅಲ್ಲೇ ಹರಿಯುತ್ತದೆ. ಚಿಮಟ ಹಿಡಿದರೆ ಅಂಚು ಸೀಳುತ್ತದೆ.

ನಿನ್ನೆ ಸಂಶೋಧಕ ಓಸ್ಕರಿ ಸೌನಾದಲ್ಲಿ ಹಬೆಸ್ನಾನ ಮುಗಿಸಿ ನೇರ ಬಂದು ಉತ್ಸಾಹದಲ್ಲಿ ಬಿಸಿ ಕೈ ಹಾಕಿ ಒಂದು ಪಟ್ಟಿ ಕೆಡಿಸಿದ್ದಾನೆ. ಈಗ ಉಳಿದಿರುವುದು ಒಂದೇ ಪಟ್ಟಿ. ಇದು ತಾಳಿದರೆ ಮಾತ್ರ ಆಸ್ಪತ್ರೆಯವರು ಸುಟ್ಟಗಾಯದ ಬ್ಯಾಂಡೇಜಿಗೆ ಈ ಜೆಲ್ಲನ್ನು ಬಳಸಿ ನೋಡಲು ಒಪ್ಪುತ್ತಾರೆ. ಮೈಬಿಸಿಗೆ ಹಿಡಿದುಕೊಂಡು, ತಣ್ಣೀರು ಸುರಿದರೆ ತಾನಾಗಿ ಬಿಡುವ ಬ್ಯಾಂಡೇಜು.

"ಒಂಚೂರು ಹಿಡ್ಕೊಳ್ಲಾ, ಸಿರ್ಕಾ?" ಎನ್ನುತ್ತಾನೆ ಓಸ್ಕರಿ.

"ಕೈ ಜೇಬಲ್ಲಿಟ್ಕೊಂಡು ನಿಂತ್ಕೊ ಮಾರಾಯ. ಅದೇ ದೊಡ್ಡ ಉಪಕಾರ."

ಸಿರ್ಕಾ ಮೊದಲು ಬಟ್ಟೆ ಗಿರಣಿಯಲ್ಲಿದ್ದವರು. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದರು. "ಅಲ್ಲಿ ನೂಲು ಎಳೆದು ನೋಡ್ತಿದ್ದೆ, ಇಲ್ಲಿ ನೀರು ಎಳೀತೀನಿ," ಎಂದು ನಗುತ್ತಾರೆ. ಬೆರಳ ಗಂಟುಗಳು ಊದಿವೆ. ಸಂಜೆ ಹೊತ್ತಿಗೆ ಕೋಟಿನ ಗುಂಡಿ ಹಾಕಿಕೊಳ್ಳಲೂ ಆಗುವುದಿಲ್ಲ.

ಮನೆಯಲ್ಲಿ ಗಂಡ ತೈಸ್ತೋ ಇದ್ದಾರೆ. ಸೌನಾದ ಒಲೆಯ ಮೇಲೆ ಜಾರಿಬಿದ್ದು ಮುಂಗೈ ಸುಟ್ಟುಕೊಂಡಿದ್ದಾರೆ.

"ನರ್ಸ್ ಬ್ಯಾಂಡೇಜು ಕೀಳೋಕೆ ಬಂದ್ರೆ ನಮ್ಮವರು ಮೊದಲು ರೇಡಿಯೋ ಜೋರು ಮಾಡ್ತಾರೆ, ನರಳೋದು ನಂಗೆ ಕೇಳಿಸ್ಬಾರ್ದು ಅಂತ," ಎನ್ನುತ್ತಾರೆ ಸಿರ್ಕಾ. ಪಟ್ಟಿಯನ್ನು ತಣ್ಣನೆ ಬೆರಳಲ್ಲಿ ಎತ್ತಿ ದವಡೆಗಳ ನಡುವೆ ಸಿಕ್ಕಿಸಿ, "ಕೇಳಿಸುತ್ತೆ."

ಯಂತ್ರ ಎಳೆಯತೊಡಗುತ್ತದೆ. ಯಂತ್ರದ ತೊಟ್ಟಿಗೆ ಬಿಟ್ಟ ಬಿಸಿನೀರಲ್ಲಿ ಪಟ್ಟಿ ಬೆಳ್ಳಗಾಗಿ ಬಿಗಿಯುತ್ತದೆ, ತಣ್ಣೀರಲ್ಲಿ ತಿಳಿಯಾಗಿ ಸಡಿಲಗೊಳ್ಳುತ್ತದೆ. ಮತ್ತೆ ಬಿಸಿ, ಮತ್ತೆ ತಂಪು. ಸಿರ್ಕಾ ಕೂರುವುದಿಲ್ಲ, ಓಸ್ಕರಿ ಜೇಬಿನಿಂದ ಕೈ ತೆಗೆಯುವುದಿಲ್ಲ. ಮಧ್ಯಾಹ್ನ ಯಂತ್ರ ನಿಲ್ಲುತ್ತದೆ. ಪಟ್ಟಿ ಹರಿದಿಲ್ಲ.

ಓಸ್ಕರಿ ಕಾಫಿ ತಂದಿಡುತ್ತಾನೆ. ಬೆಳಗಿನಿಂದ ಮೊದಲ ಸಲ ಸಿರ್ಕಾ ಎರಡೂ ಕೈಗಳನ್ನು ಬಿಸಿ ಲೋಟಕ್ಕೆ ಒತ್ತಿ ಹಿಡಿಯುತ್ತಾರೆ.

"ಇದು ಆಸ್ಪತ್ರೆಗೆ ಬರೋ ಹೊತ್ತಿಗೆ ನಮ್ಮವರ ಗಾಯ ಮಾಗಿರುತ್ತೆ," ಎನ್ನುತ್ತಾರೆ. "ಇರ್ಲಿ ಬಿಡು. ಇನ್ಯಾರದೋ ಮನೇಲಿ ರೇಡಿಯೋ ಮೆಲ್ಲಗೆ ಹಾಡ್ಲಿ."